ವಿಂಡೋಸ್ ತಾನೇ ಮಾಡಿಕೊಳ್ಳುವ ಡಿಸ್ಕ್ ರಿಪೇರಿ: ಕಮಾಂಡ್ ಲೈನ್‌ನಿಂದ ನೋಡಿಕೊಳ್ಳುವುದು ಹೇಗೆ

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಪ್ಪು ಪರದೆ. ಇಂಥ ಡ್ರೈವ್ ಪರೀಕ್ಷೆ ಆಗಬೇಕಿದೆ, ಬೇಡ ಅಂದರೆ ಇಷ್ಟು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ ಅನ್ನುವ ಸಾಲು. ಎಣಿಕೆ ಇಳಿಯುತ್ತಾ ಬರುತ್ತದೆ. ಕೆಲಸದ ಅವಸರ ಇರುವವರು ಕೀ ಒತ್ತಿ ಮುಂದೆ ಹೋಗುತ್ತಾರೆ. ಮಾರನೇ ದಿನ ಮತ್ತೆ ಅದೇ ಪರದೆ, ಮತ್ತೆ ಅದೇ ಕೀ. ಕೊನೆಗೆ ಬೇಸತ್ತು ಈ ಪರೀಕ್ಷೆಯನ್ನೇ ನಿಲ್ಲಿಸುವ ಕಮಾಂಡ್ ಹುಡುಕುತ್ತಾರೆ. ಇನ್ನು ಕೆಲವರದು ಉಲ್ಟಾ ದಾರಿ. ಕಂಪ್ಯೂಟರ್ ಸ್ವಲ್ಪ ನಿಧಾನ ಅನ್ನಿಸಿದರೂ ಸಾಕು, ಸಿಕ್ಕಿದ ಸ್ವಿಚ್‌ಗಳನ್ನೆಲ್ಲ (ಕಮಾಂಡ್‌ನ ಕೊನೆಗೆ / ಗುರುತಿನ ಜೊತೆ ಸೇರಿಸುವ ಸೂಚನೆಗಳು) ಸೇರಿಸಿ, ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಕಮಾಂಡ್ ಹಾಕಿ ರಾತ್ರಿಯಿಡೀ ಓಡಿಸುತ್ತಾರೆ.

ಎರಡೂ ಸರಿಯಲ್ಲ. ವಿಂಡೋಸ್ ತನ್ನ ಫೈಲ್ ಸಿಸ್ಟಂನ, ಅಂದರೆ ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯ, ಸಣ್ಣಪುಟ್ಟ ಹಾನಿಯನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಏನು ಮಾಡಿದ್ದೇನೆ, ಏನು ಬಾಕಿ ಇದೆ ಅಂತ ಕೇಳಿದರೆ ಹೇಳುತ್ತದೆ ಕೂಡ. ಹಾಗಾಗಿ ಮೊದಲು ಕೇಳಬೇಕು, ಆಮೇಲೆ ಕೈ ಹಾಕಬೇಕು. ಕೈ ಹಾಕುವಾಗಲೂ ಎಷ್ಟು ಬೇಕೋ ಅಷ್ಟೇ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ.

ಕಮಾಂಡ್‌ಗಳ ಬಗ್ಗೆ ಒಂದು ಸೂಚನೆ. ಇಲ್ಲಿ ಅವುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಅಕ್ಷರದಲ್ಲಿ. ದೊಡ್ಡಕ್ಷರವೋ ಸಣ್ಣಕ್ಷರವೋ ಅನ್ನುವ ಚಿಂತೆ ಬೇಡ, ಈ ಕಮಾಂಡ್‌ಗಳಿಗೆ ಎರಡೂ ಒಂದೇ. ‘ಚೆಕ್’ ಅಂತ ಇರುವಲ್ಲೆಲ್ಲ ಸಿ, ಎಚ್, ಕೆ ಮೂರೇ ಅಕ್ಷರ. ಚೆಕ್‌ಡಿಸ್ಕ್‌ನಲ್ಲಿ ಬರುವ ‘ಡಿಸ್ಕ್’ ಅಂದರೆ ಡಿ, ಎಸ್, ಕೆ. ಫೈಲ್ ಸಿಸ್ಟಂನ ಸ್ಥಿತಿ ಕೇಳಲು, ಬದಲಿಸಲು ಬಳಸುವ ಎಫ್‌ಎಸ್‌ಯುಟಿಲ್ ಅನ್ನುವ ಕಮಾಂಡ್ ಎಫ್, ಎಸ್, ಯು, ಟಿ, ಐ, ಎಲ್.

ಒಳಗೆ ಏನು ನಡೆಯುತ್ತದೆ

ನಾವು ಮಾತಾಡುತ್ತಿರುವುದು ಎನ್‌ಟಿಎಫ್‌ಎಸ್ ಬಗ್ಗೆ. 1993ರಲ್ಲಿ ವಿಂಡೋಸ್ ಎನ್‌ಟಿ 3.1 ಜೊತೆ ಬಂದ ಈ ಫೈಲ್ ಸಿಸ್ಟಂ ಇವತ್ತಿಗೂ ಹೆಚ್ಚುಕಮ್ಮಿ ಎಲ್ಲ ವಿಂಡೋಸ್ ಕಂಪ್ಯೂಟರ್‌ಗಳ ಸಿ ಡ್ರೈವ್‌ನಲ್ಲಿದೆ. ಡ್ರೈವ್‌ನಲ್ಲಿರುವ ಪ್ರತಿ ಫೈಲಿಗೂ ಮಾಸ್ಟರ್ ಫೈಲ್ ಟೇಬಲ್‌ನಲ್ಲಿ ಒಂದು ದಾಖಲೆ ಇರುತ್ತದೆ. ಹೆಸರೇನು, ಗಾತ್ರ ಎಷ್ಟು, ಡಿಸ್ಕಿನ ಯಾವ ಯಾವ ಜಾಗದಲ್ಲಿ ತುಣುಕುಗಳಿವೆ ಅನ್ನುವುದೆಲ್ಲ ಅಲ್ಲೇ. ಪುಸ್ತಕದ ಪರಿವಿಡಿ ಹರಿದರೆ ಅಧ್ಯಾಯ ಒಳಗಿದ್ದರೂ ಪುಟ ಗೊತ್ತಾಗುವುದಿಲ್ಲ, ಅಲ್ವಾ? ಫೈಲ್ ಸಿಸ್ಟಂ ಹಾಳಾಯಿತು ಅಂದರೆ ಹೆಚ್ಚಾಗಿ ಇದೇ ಅರ್ಥ. ರಿಪೇರಿ ಅಂದರೂ ಈ ದಾಖಲೆಗಳ ರಿಪೇರಿಯೇ. ಫೈಲಿನೊಳಗಿನ ವಿಷಯವನ್ನು ಯಾವ ರಿಪೇರಿ ಕಮಾಂಡೂ ಹೊಸದಾಗಿ ಬರೆದುಕೊಡುವುದಿಲ್ಲ. ಇದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಿರಾಸೆ ಕಡಿಮೆ.

ರಿಪೇರಿ ನಾಲ್ಕು ಪದರಗಳಲ್ಲಿ ನಡೆಯುತ್ತದೆ. ಮೊದಲನೆಯದು ಜರ್ನಲ್. ದಾಖಲೆ ಬದಲಿಸುವ ಮುಂಚೆ ಎನ್‌ಟಿಎಫ್‌ಎಸ್ ಅದನ್ನು ಒಂದು ಲಾಗ್‌ನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೆ, ಮುಂದಿನ ಸಲ ಡ್ರೈವ್ ತೆರೆಯುವಾಗ ಆ ಲಾಗ್ ನೋಡಿ ಅರ್ಧಕ್ಕೆ ನಿಂತ ಕೆಲಸವನ್ನು ಮುಗಿಸುತ್ತದೆ ಅಥವಾ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಇದು ಎಷ್ಟು ಬೇಗ ಆಗುತ್ತದೆ ಅಂದರೆ ನಮ್ಮ ಗಮನಕ್ಕೇ ಬರುವುದಿಲ್ಲ.

ಎರಡನೆಯದು ಸೆಲ್ಫ್ ಹೀಲಿಂಗ್. ವಿಂಡೋಸ್ ವಿಸ್ಟಾ ಮತ್ತು ಸರ್ವರ್ 2008ರಿಂದ ಬಂದದ್ದು. ಯಾವುದೋ ಫೈಲ್ ತೆರೆಯುವಾಗ ಅದರ ದಾಖಲೆ ಕೆಟ್ಟಿದೆ ಅಂತ ಗೊತ್ತಾದರೆ, ಇಡೀ ಡ್ರೈವ್ ನಿಲ್ಲಿಸದೆ ಆ ದಾಖಲೆಯನ್ನಷ್ಟೇ ಹಿನ್ನೆಲೆಯಲ್ಲಿ ಸರಿಮಾಡುತ್ತದೆ. ಆ ಫೈಲ್ ಕೇಳಿದ ಪ್ರೋಗ್ರಾಂಗೆ ಒಂದು ಎರರ್ ಸಿಗಬಹುದು. ಉಳಿದವರ ಕೆಲಸ ನಡೆಯುತ್ತಿರುತ್ತದೆ.

ಮೂರನೆಯದು 2012ರ ವಿಂಡೋಸ್ 8 ಮತ್ತು ಸರ್ವರ್ 2012 ತಂದದ್ದು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಜಾಣತನದ ಭಾಗ ಇದೇ. ಓಡುತ್ತಿರುವಾಗಲೇ ಸರಿಮಾಡಲು ಆಗದ ಹಾನಿ ಸಿಕ್ಕಿದರೆ, ಸ್ಪಾಟ್ ವೆರಿಫೈಯರ್ ಅನ್ನುವ ಸರ್ವೀಸ್ ಅದು ನಿಜವಾಗಿಯೂ ಡಿಸ್ಕಿನಲ್ಲಿದೆಯೋ ಅಥವಾ ಮೆಮೊರಿಯ ಕ್ಷಣಿಕ ತಪ್ಪೋ ಅಂತ ಖಚಿತ ಮಾಡಿಕೊಳ್ಳುತ್ತದೆ. ನಿಜವಾದರೆ ಒಂದು ಪಟ್ಟಿಗೆ ಸೇರಿಸುತ್ತದೆ. ಮುಂದೆ ಡ್ರೈವ್ ಬಿಡುವಾದಾಗ ಆ ಪಟ್ಟಿಯಲ್ಲಿರುವುದನ್ನಷ್ಟೇ ಸರಿಮಾಡಿದರೆ ಸಾಕು. ಹಳೆಯ ಚೆಕ್‌ಡಿಸ್ಕ್‌ಗೆ ಬೇಕಾದ ಸಮಯ ಡ್ರೈವ್‌ನಲ್ಲಿ ಎಷ್ಟು ಫೈಲ್ ಇವೆ ಅನ್ನುವುದರ ಮೇಲೆ ನಿಂತಿತ್ತು. ಈ ಹೊಸ ವಿಧಾನದಲ್ಲಿ ಎಷ್ಟು ಹಾನಿ ಇದೆ ಅನ್ನುವುದಷ್ಟೇ ಲೆಕ್ಕ. ಲಕ್ಷಗಟ್ಟಲೆ ಫೈಲ್‌ಗಳಿರುವ ಸರ್ವರ್‌ನಲ್ಲಿ ಗಂಟೆಗಳ ಕೆಲಸ ಸೆಕೆಂಡುಗಳಿಗೆ ಇಳಿಯುವುದು ಹೀಗೆ.

ನಾಲ್ಕನೆಯದು ಎಲ್ಲರಿಗೂ ಗೊತ್ತಿರುವ ಆಟೋಚೆಕ್, ಅಂದರೆ ಬೂಟ್ ಆಗುವಾಗಿನ ಪರೀಕ್ಷೆ. ಡ್ರೈವ್‌ನ ಮೇಲೆ ‘ಡರ್ಟಿ ಬಿಟ್’ ಅನ್ನುವ ಗುರುತು ಬಿದ್ದಿದ್ದರೆ ಇದು ತಾನಾಗಿಯೇ ಶುರುವಾಗುತ್ತದೆ.

ಕೈ ಹಾಕುವ ಮುಂಚೆ

ಬ್ಯಾಕಪ್. ಮಾಮೂಲಿ ಮಾತು ಅಂತ ದಾಟಿ ಹೋಗಬೇಡಿ, ಇಲ್ಲಿ ಅದಕ್ಕೆ ಗಟ್ಟಿ ಕಾರಣ ಇದೆ. ರಿಪೇರಿ ಕಮಾಂಡ್‌ನ ಗುರಿ ಫೈಲ್ ಸಿಸ್ಟಂ ಅನ್ನು ಒಳಗೊಳಗೇ ಹೊಂದಾಣಿಕೆಗೆ ತರುವುದು. ಒಂದು ದಾಖಲೆ ಉಳಿದದ್ದಕ್ಕೆ ತಾಳೆಯಾಗದಿದ್ದರೆ ಅದನ್ನು ಕತ್ತರಿಸಿಯೂ ಹೊಂದಾಣಿಕೆ ತರುತ್ತದೆ. ಆ ದಾಖಲೆ ನಿಮ್ಮ ಮುಖ್ಯವಾದ ಫೈಲಿನದ್ದೇ ಆಗಿರಬಹುದು. ಓದಲು ಬರುತ್ತಿರುವ ಫೈಲ್‌ಗಳನ್ನು ಮೊದಲು ಬೇರೆ ಡ್ರೈವ್‌ಗೆ ನಕಲು ಮಾಡಿಕೊಳ್ಳಿ.

ಡ್ರೈವ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ ರಿಕವರಿ ಕೀ ಕೈಯಲ್ಲಿರಲಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ. ರಿಪೇರಿಯ ನಡುವೆ ಬ್ಯಾಟರಿ ಖಾಲಿಯಾಗುವುದು ತೀರಾ ಕೆಟ್ಟ ಸಮಯ.

ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಅಡ್ಮಿನಿಸ್ಟ್ರೇಟರ್ ಆಗಿ’ ತೆರೆಯಿರಿ. ಹಾಗೆ ತೆರೆಯದಿದ್ದರೆ ಮುಂದಿನ ಕಮಾಂಡ್‌ಗಳೆಲ್ಲ ಹೆಚ್ಚುಕಮ್ಮಿ ಅನುಮತಿ ಇಲ್ಲ ಅಂತಲೇ ಹೇಳುತ್ತವೆ. ಆಮೇಲೆ ಡ್ರೈವ್‌ನ ಫೈಲ್ ಸಿಸ್ಟಂ ಯಾವುದು ಅಂತ ನೋಡಿಕೊಳ್ಳಿ:

ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೋ ವಾಲ್ಯೂಮ್‌ಇನ್ಫೋ ಸಿ:

ಫೈಲ್ ಸಿಸ್ಟಂ ಹೆಸರಿನ ಮುಂದೆ ಎನ್‌ಟಿಎಫ್‌ಎಸ್ ಅಂತ ಬಂದರೆ ಮುಂದುವರಿಯಿರಿ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಇರುತ್ತದೆ. ಅವಕ್ಕೆ ಸೆಲ್ಫ್ ಹೀಲಿಂಗ್ ಇಲ್ಲ, ಹಂತ 4ರಲ್ಲಿ ಬರುವ ‘ಚೆಕ್‌ಡಿಸ್ಕ್ /ಎಫ್’ ಒಂದೇ ದಾರಿ. ಸರ್ವರ್‌ಗಳಲ್ಲಿ ಕಾಣುವ ರೆಫ್ಸ್ ಅನ್ನುವುದು ಪೂರ್ತಿ ಬೇರೆ ರೀತಿಯ ಫೈಲ್ ಸಿಸ್ಟಂ. ಅದರ ರಿಪೇರಿ ಅದೇ ನೋಡಿಕೊಳ್ಳುತ್ತದೆ, ಚೆಕ್‌ಡಿಸ್ಕ್ ಬೇಕಿಲ್ಲ.

ಹಂತ 1: ಏನೂ ಬದಲಿಸದೆ ಕೇಳಿ

ಸೆಲ್ಫ್ ಹೀಲಿಂಗ್ ಆನ್ ಇದೆಯೇ?

ಎಫ್‌ಎಸ್‌ಯುಟಿಲ್ ರಿಪೇರ್ ಕ್ವೆರಿ ಸಿ:

ಉತ್ತರದಲ್ಲಿ 0ಎಕ್ಸ್1 ಅಥವಾ 0ಎಕ್ಸ್9 ಅನ್ನುವ ರೀತಿಯ ಒಂದು ಸಂಖ್ಯೆ ಬರುತ್ತದೆ. ಕೆಳಗೆ ಯಾವ ಸಂಖ್ಯೆಗೆ ಏನರ್ಥ ಅಂತ ಅದೇ ಬರೆದು ತೋರಿಸುತ್ತದೆ. 1 ಅಂದರೆ ಸಾಮಾನ್ಯ ರಿಪೇರಿ ಆನ್. 9 ಅಂದರೆ ರಿಪೇರಿಯೂ ಆನ್, ಜೊತೆಗೆ ಡೇಟಾ ಹೋಗುವ ಸಂಭವ ಇದ್ದರೆ ಎಚ್ಚರಿಕೆಯೂ ಬರುತ್ತದೆ. ಇವೆರಡರಲ್ಲಿ ಯಾವುದಿದ್ದರೂ ಸುಮ್ನೆ ಬಿಟ್ಟುಬಿಡಿ. 0 ಬಂದರೆ ಯಾರೋ ಆಫ್ ಮಾಡಿದ್ದಾರೆ ಅಂತ ಅರ್ಥ. ಆ ಪಟ್ಟಿಯಲ್ಲಿ 0ಎಕ್ಸ್10 ಅಂತಲೂ ಒಂದಿರುತ್ತದೆ. ರಿಪೇರಿ ಬೇಡ, ಮೊದಲ ಹಾನಿ ಕಂಡ ಕೂಡಲೇ ನೀಲಿ ಪರದೆ ತೋರಿಸಿ ನಿಂತುಬಿಡು ಅನ್ನುವ ಆದೇಶ ಅದು. ದೋಷದ ಮೂಲ ಹುಡುಕುವ ಡ್ರೈವರ್ ಎಂಜಿನಿಯರ್‌ಗಳಿಗೆ ಅದು ಬೇಕಾಗಬಹುದು. ದಿನದ ಕೆಲಸದ ಕಂಪ್ಯೂಟರ್‌ನಲ್ಲಿ ಅದನ್ನು ಮುಟ್ಟಲೇಬೇಡಿ.

ಖಚಿತವಾದ ಹಾನಿ ಏನಾದರೂ ದಾಖಲಾಗಿದೆಯೇ?

ಎಫ್‌ಎಸ್‌ಯುಟಿಲ್ ರಿಪೇರ್ ಸ್ಟೇಟ್ ಸಿ:

ಡ್ರೈವ್ ಹೆಸರು ಬಿಟ್ಟು ಬರೀ ‘ಸ್ಟೇಟ್’ ಅಂತ ಹಾಕಿದರೆ ಎಲ್ಲ ಡ್ರೈವ್‌ಗಳ ಸ್ಥಿತಿಯನ್ನೂ ನೋಡುತ್ತದೆ. ಇನ್ನೂ ಒಳಗಿನ ವಿವರ ಬೇಕಾದರೆ ಪಟ್ಟಿಯನ್ನೇ ತೆರೆಸಬಹುದು:

ಎಫ್‌ಎಸ್‌ಯುಟಿಲ್ ರಿಪೇರ್ ಎನ್ಯೂಮರೇಟ್ ಸಿ: $ಕರಪ್ಟ್

ಇಲ್ಲಿ ಬರುವುದು ಖಚಿತವಾದ ಹಾನಿಗಳು. ಕೊನೆಯ ಪದದ ಜಾಗದಲ್ಲಿ $ವೆರಿಫೈ ಅಂತ ಹಾಕಿದರೆ ಅನುಮಾನ ಇದೆ, ಇನ್ನೂ ಖಚಿತವಾಗಿಲ್ಲ ಅನ್ನುವವು ಬರುತ್ತವೆ. ಡಾಲರ್ ಗುರುತನ್ನೂ ಸೇರಿಸಿ ಟೈಪ್ ಮಾಡಿ. ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಡಾಲರ್‌ಗೆ ಬೇರೆ ಅರ್ಥ ಇದೆ, ಅದಕ್ಕೇ ಈ ಕಮಾಂಡ್‌ಗಳನ್ನು ಕಮಾಂಡ್ ಪ್ರಾಂಪ್ಟ್‌ನಲ್ಲೇ ಓಡಿಸುವುದು ಒಳ್ಳೆಯದು.

ಕೊನೆಯ ಪ್ರಶ್ನೆ, ಡರ್ಟಿ ಬಿಟ್ ಬಿದ್ದಿದೆಯೇ?

ಎಫ್‌ಎಸ್‌ಯುಟಿಲ್ ಡರ್ಟಿ ಕ್ವೆರಿ ಸಿ:

ಇದೇ ಕಮಾಂಡ್‌ನಲ್ಲಿ ‘ಕ್ವೆರಿ’ ಬದಲು ‘ಸೆಟ್’ ಹಾಕಿದರೆ ಚೆನ್ನಾಗಿರುವ ಡ್ರೈವ್ ಮೇಲೂ ಡರ್ಟಿ ಗುರುತು ಬೀಳುತ್ತದೆ. ಬಿದ್ದ ಗುರುತನ್ನು ಅಳಿಸುವ ಕಮಾಂಡ್ ಎಫ್‌ಎಸ್‌ಯುಟಿಲ್‌ನಲ್ಲಿ ಇಲ್ಲ. ಪೂರ್ತಿ ಪರೀಕ್ಷೆ ಮುಗಿಸಿದ ಚೆಕ್‌ಡಿಸ್ಕ್ ಮಾತ್ರ ಅದನ್ನು ತೆಗೆಯುತ್ತದೆ. ಕುತೂಹಲಕ್ಕೆ ‘ಸೆಟ್’ ಹಾಕಿ ನೋಡಬೇಡಿ.

ಕಮಾಂಡ್‌ಗಳ ಜೊತೆ, ಕಂಪ್ಯೂಟರ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ಅನ್ನೂ ಸ್ಟಾರ್ಟ್ ಮೆನುವಿನಿಂದ ಒಂದು ಸಲ ತೆರೆಯಿರಿ. ವಿಂಡೋಸ್ ಲಾಗ್ಸ್ ಕೆಳಗಿನ ಸಿಸ್ಟಂ ಲಾಗ್‌ನಲ್ಲಿ ಎನ್‌ಟಿಎಫ್‌ಎಸ್ ಮೂಲದಿಂದ ಬಂದ 55 ಸಂಖ್ಯೆಯ ಈವೆಂಟ್ ಇದ್ದರೆ ಫೈಲ್ ಸಿಸ್ಟಂನಲ್ಲಿ ಹಾನಿ ಕಂಡುಬಂದಿದೆ ಅಂತ. 98 ಅನ್ನುವುದು ಡ್ರೈವ್‌ನ ಆರೋಗ್ಯದ ವರದಿ. ಚೆನ್ನಾಗಿದೆ ಅಂತಲೂ ಇರಬಹುದು, ಆಫ್‌ಲೈನ್ ರಿಪೇರಿ ಬೇಕು ಅಂತಲೂ ಇರಬಹುದು. ಸಂಖ್ಯೆ ನೋಡಿ ಗಾಬರಿಯಾಗದೆ ಒಳಗಿನ ವಾಕ್ಯ ಓದಿ.

ಅಲ್ಲೇ ‘ಡಿಸ್ಕ್’ ಅನ್ನುವ ಮೂಲದ ಈವೆಂಟ್‌ಗಳನ್ನೂ ನೋಡಿ. 7 ಅಂದರೆ ಕೆಟ್ಟ ಬ್ಲಾಕ್. 153 ಅಂದರೆ ಓದು ಅಥವಾ ಬರಹದ ಕೆಲಸ ಮೊದಲ ಸಲಕ್ಕೆ ಆಗದೆ ಮತ್ತೆ ಪ್ರಯತ್ನಿಸಬೇಕಾಯಿತು ಅಂತ. ಇವು ಸಾಲುಗಟ್ಟಿ ನಿಂತಿದ್ದರೆ ತೊಂದರೆ ಫೈಲ್ ಸಿಸ್ಟಂನದ್ದಲ್ಲ, ಡಿಸ್ಕ್ ಅಥವಾ ಕೇಬಲ್‌ನದ್ದು. ಅಂಥ ಡಿಸ್ಕಿನ ಮೇಲೆ ರಿಪೇರಿ ಓಡಿಸಿದರೆ, ಸಾಯುತ್ತಿರುವ ಡಿಸ್ಕಿಗೆ ಇನ್ನಷ್ಟು ಕೆಲಸ ಕೊಟ್ಟ ಹಾಗೆ. ಆಗ ರಿಪೇರಿ ಅಲ್ಲಿಗೇ ನಿಲ್ಲಿಸಿ. ಡೇಟಾ ಹೊರಗೆ ತೆಗೆಯಿರಿ, ಕೇಬಲ್ ಬದಲಿಸಿ ನೋಡಿ, ಆಗದಿದ್ದರೆ ಡಿಸ್ಕ್ ಬದಲಿಸಿ.

ಹಂತ 2: ಸೆಲ್ಫ್ ಹೀಲಿಂಗ್ ಆನ್, ಆಫ್

ಆಫ್ ಆಗಿದ್ದರೆ ಆನ್ ಮಾಡಲು:

ಎಫ್‌ಎಸ್‌ಯುಟಿಲ್ ರಿಪೇರ್ ಸೆಟ್ ಸಿ: 1

ಆಫ್ ಮಾಡಲು 1ರ ಬದಲು 0. ಬದಲಿಸಿದ ಮೇಲೆ ಕ್ವೆರಿ ಹಾಕಿ ಖಚಿತ ಮಾಡಿಕೊಳ್ಳಿ. ಈ ಸೆಟ್ಟಿಂಗ್ ಪ್ರತಿ ಡ್ರೈವ್‌ಗೂ ಬೇರೆ ಬೇರೆ, ಸಿಗೆ ಹಾಕಿದ್ದು ಡಿಗೆ ತಾಗುವುದಿಲ್ಲ.

ಆಫ್ ಮಾಡುವ ಅಗತ್ಯ ಯಾರಿಗೆ? ನನಗೆ ಒಪ್ಪಿಗೆಯಾಗುವ ಕಾರಣ ಒಂದೇ. ಕೆಟ್ಟ ಡ್ರೈವ್‌ನಿಂದ ಡೇಟಾ ಹೊರತೆಗೆಯುವ ಕೆಲಸ ನಡೆಯುತ್ತಿದೆ, ಅದು ಈಗ ಇರುವ ಸ್ಥಿತಿಯಲ್ಲೇ ಇರಬೇಕು, ವಿಂಡೋಸ್ ತಾನಾಗಿ ಏನೂ ಬದಲಿಸಬಾರದು. ಆಗ ಆ ಡ್ರೈವ್‌ನ ಸೆಲ್ಫ್ ಹೀಲಿಂಗ್ ಆಫ್ ಮಾಡಿ, ಬೂಟ್ ಪರೀಕ್ಷೆಯಿಂದಲೂ ಹೊರಗಿಡಬೇಕು. ಅದರ ವಿಧಾನ ಹಂತ 5ರಲ್ಲಿದೆ. ಇನ್ನೂ ಒಳ್ಳೆಯದು ಡ್ರೈವ್‌ನ ಪೂರ್ತಿ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೆ ಒಂದು ಪ್ರತಿ, ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡುವುದು. ಕಂಪ್ಯೂಟರ್ ವೇಗ ಹೆಚ್ಚುತ್ತದೆ ಅಂತ ಸೆಲ್ಫ್ ಹೀಲಿಂಗ್ ಆಫ್ ಮಾಡುವವರಿದ್ದಾರೆ. ಹಾನಿ ಸಿಕ್ಕಾಗ ಮಾತ್ರ ಎಚ್ಚರವಾಗುವ ವ್ಯವಸ್ಥೆ ಅದು. ಅದನ್ನು ನಿಲ್ಲಿಸಿದರೆ ಉಳಿತಾಯ ಏನೂ ಇಲ್ಲ, ನಷ್ಟ ಮಾತ್ರ.

ಹಂತ 3: ಒಂದೇ ಫೈಲಿನ ರಿಪೇರಿ, ರಿಪೇರಿಗಾಗಿ ಕಾಯುವುದು

ಒಂದು ಫೈಲ್ ಮಾತ್ರ ತೆರೆಯುತ್ತಿಲ್ಲ, ಹಾಳಾಗಿದೆ ಅನ್ನುವ ಎರರ್ ಬರುತ್ತಿದೆ ಅಂದುಕೊಳ್ಳಿ. ಎನ್‌ಟಿಎಫ್‌ಎಸ್‌ಗೆ ಆ ಫೈಲಿನ ಗುರುತು ಸಂಖ್ಯೆ ಕೊಟ್ಟು, ಇದನ್ನೊಂದು ನೋಡು ಅನ್ನಬಹುದು. ಗುರುತು ಸಂಖ್ಯೆ ಸಿಗುವುದು ಹೀಗೆ:

ಎಫ್‌ಎಸ್‌ಯುಟಿಲ್ ಫೈಲ್ ಕ್ವೆರಿಫೈಲ್‌ಐಡಿ "ಡಿ:\ಲೆಕ್ಕ\ವರದಿ.ಡಾಕ್ಸ್"

ಹಾದಿಯಲ್ಲಿ ಖಾಲಿ ಜಾಗ ಇದ್ದರೆ ಉದ್ಧರಣ ಚಿಹ್ನೆ ಬೇಕೇ ಬೇಕು. ಉತ್ತರವಾಗಿ 0ಎಕ್ಸ್‌ನಿಂದ ಶುರುವಾಗುವ ಉದ್ದನೆಯ ಹೆಕ್ಸ್ ಸಂಖ್ಯೆ ಬರುತ್ತದೆ. ಅದರಲ್ಲಿ ಮೊದಲ ಅರ್ಧ ಬರೀ ಸೊನ್ನೆಗಳು, ಎನ್‌ಟಿಎಫ್‌ಎಸ್‌ಗೆ ಬೇಕಾದದ್ದು ಕೊನೆಯ 16 ಅಂಕೆ. ಆ 16ರಲ್ಲಿ ಮೊದಲ 4 ಅಂಕೆ ಆ ದಾಖಲೆ ಎಷ್ಟನೇ ಸಲ ಬಳಕೆಯಾಗುತ್ತಿದೆ ಅಂತ ಹೇಳುತ್ತದೆ. ಉಳಿದ 12 ಅಂಕೆ ಮಾಸ್ಟರ್ ಫೈಲ್ ಟೇಬಲ್‌ನಲ್ಲಿ ಅದರ ಸ್ಥಾನ. ಇದನ್ನು ಹೀಗೆ ಕೊಡಿ:

ಎಫ್‌ಎಸ್‌ಯುಟಿಲ್ ರಿಪೇರ್ ಇನಿಶಿಯೇಟ್ ಡಿ: 0ಎಕ್ಸ್...

ಚುಕ್ಕೆಗಳ ಜಾಗದಲ್ಲಿ ಆ 16 ಅಂಕೆ. ಫೈಲ್ ಪೂರ್ತಿ ಕೆಟ್ಟಿದ್ದರೆ ಗುರುತು ಸಂಖ್ಯೆಯೇ ಸಿಗದೆ ಇರಬಹುದು. ಆಗ ಒದ್ದಾಡಬೇಡಿ, ಹಂತ 4ಕ್ಕೆ ಹೋಗಿ.

ಇನ್ನೊಂದು ಉಪಯುಕ್ತ ಕಮಾಂಡ್ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ:

ಎಫ್‌ಎಸ್‌ಯುಟಿಲ್ ರಿಪೇರ್ ವೇಟ್ ಡಿ: 0

ಆ ಡ್ರೈವ್‌ನಲ್ಲಿ ನಡೆಯುತ್ತಿರುವ ರಿಪೇರಿಗಳೆಲ್ಲ ಮುಗಿಯುವ ತನಕ ಇದು ಕಾಯುತ್ತದೆ. 0 ಬದಲು 1 ಹಾಕಿದರೆ ಈಗ ನಡೆಯುತ್ತಿರುವ ಒಂದು ರಿಪೇರಿಗಷ್ಟೇ ಕಾಯುತ್ತದೆ. ಇದರ ನಿಜವಾದ ಜಾಗ ಬ್ಯಾಚ್ ಫೈಲ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್. ರಾತ್ರಿ ತಾನಾಗಿ ಓಡುವ ಬ್ಯಾಕಪ್ ಸ್ಕ್ರಿಪ್ಟ್ ಇದ್ದರೆ, ನಕಲು ಶುರುವಾಗುವ ಸಾಲಿನ ಮೇಲೆ ಇದನ್ನು ಸೇರಿಸಿ. ಅರ್ಧ ರಿಪೇರಿಯಾದ ಫೋಲ್ಡರ್ ಬ್ಯಾಕಪ್‌ಗೆ ಹೋಗುವುದು ತಪ್ಪುತ್ತದೆ.

ಹಂತ 4: ಚೆಕ್‌ಡಿಸ್ಕ್, ಚಿಕ್ಕದರಿಂದ ದೊಡ್ಡದಕ್ಕೆ

ಮೊದಲು ಕೆಲಸ ನಿಲ್ಲಿಸದೆ ಸ್ಕ್ಯಾನ್ ಮಾಡಿ:

ಚೆಕ್‌ಡಿಸ್ಕ್ ಸಿ: /ಸ್ಕ್ಯಾನ್

ಡ್ರೈವ್ ಬಳಕೆಯಲ್ಲಿರುವಾಗಲೇ ಇದು ನಡೆಯುತ್ತದೆ. ಓಡುತ್ತಲೇ ಸರಿಯಾಗುವಂಥದ್ದನ್ನು ಸರಿಮಾಡಿ, ಆಗದ್ದನ್ನು ಮೇಲೆ ಹೇಳಿದ ಪಟ್ಟಿಗೆ ಸೇರಿಸುತ್ತದೆ. ಬೇಗ ಮುಗಿಯಲಿ ಅಂದರೆ ಕೊನೆಗೆ /ಪರ್ಫ್ ಸೇರಿಸಬಹುದು, ಆದರೆ ಬೇರೆ ಕೆಲಸಗಳು ನಿಧಾನವಾಗುತ್ತವೆ. ಸ್ಕ್ಯಾನ್‌ಗೆ ಡ್ರೈವ್‌ನ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ತಾತ್ಕಾಲಿಕ ಪ್ರತಿ) ಬೇಕು. ಡ್ರೈವ್ ತುಂಬಿ ತುಳುಕುತ್ತಿದ್ದರೆ ಜಾಗ ಸಾಲದು ಅಂತ ಅದು ಶುರುವಿನಲ್ಲೇ ನಿಂತುಬಿಡುತ್ತದೆ. ಆಗ ಬೇಡದ ಫೈಲ್ ತೆಗೆದು ಮತ್ತೆ ಓಡಿಸಿ.

ಯಾವ ಸ್ವಿಚ್ಚೂ ಇಲ್ಲದೆ ಬರೀ ‘ಚೆಕ್‌ಡಿಸ್ಕ್ ಸಿ:’ ಹಾಕುವ ರೂಢಿ ಹಲವರಿಗಿದೆ. ಅದು ಓದುವುದು ಮಾತ್ರ, ಏನೂ ಸರಿಮಾಡುವುದಿಲ್ಲ. ಬಳಕೆಯಲ್ಲಿರುವ ಡ್ರೈವ್ ಮೇಲೆ ಹಾಗೆ ಓಡಿಸಿದರೆ ಇಲ್ಲದ ತಪ್ಪುಗಳನ್ನೂ ತೋರಿಸಬಹುದು. ಆ ವರದಿ ನೋಡಿ ಹೆದರಿ ದೊಡ್ಡ ರಿಪೇರಿಗೆ ಕೈ ಹಾಕಿದವರು ಜಾಸ್ತಿ. ವಿಂಡೋಸ್ 8 ಅಥವಾ ನಂತರದ್ದು ಇದ್ದರೆ /ಸ್ಕ್ಯಾನ್ ಅನ್ನೇ ನಂಬಿ.

ಪಟ್ಟಿಯಲ್ಲಿ ಹಾನಿ ಸೇರಿದ್ದರೆ:

ಚೆಕ್‌ಡಿಸ್ಕ್ ಡಿ: /ಸ್ಪಾಟ್‌ಫಿಕ್ಸ್

ಡ್ರೈವ್ ಅನ್ನು ಸ್ವಲ್ಪ ಹೊತ್ತು ಬಿಡಿಸಿಕೊಂಡು, ಪಟ್ಟಿಯಲ್ಲಿರುವುದನ್ನಷ್ಟೇ ಸರಿಮಾಡಿ ವಾಪಸ್ ಕೊಡುತ್ತದೆ. ಸಾಮಾನ್ಯವಾಗಿ ಸೆಕೆಂಡುಗಳ ಮಾತು. ಸಿ ಡ್ರೈವ್ ಆದರೆ ವಿಂಡೋಸ್ ಅದರ ಮೇಲೇ ಕೂತಿರುವುದರಿಂದ ಮುಂದಿನ ರೀಸ್ಟಾರ್ಟ್‌ನಲ್ಲಿ ಆಗುತ್ತದೆ. ಶಟ್‌ಡೌನ್ ಮಾಡಿ ಆನ್ ಮಾಡುವ ಬದಲು ರೀಸ್ಟಾರ್ಟ್ ಅನ್ನೇ ಒತ್ತಿ. ಬೇಗ ಆನ್ ಆಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಬಳಸುವ ಕಂಪ್ಯೂಟರ್‌ನಲ್ಲಿ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ.

ಇಷ್ಟರಲ್ಲಿ ಬಹುಪಾಲು ಕೆಲಸ ಮುಗಿದಿರುತ್ತದೆ. ಡರ್ಟಿ ಬಿಟ್ ಇನ್ನೂ ಇದ್ದರೆ, ಅಥವಾ ಪೂರ್ತಿ ಪರೀಕ್ಷೆ ಬೇಕು ಅಂತ ವಿಂಡೋಸ್ ತಾನೇ ಹೇಳುತ್ತಿದ್ದರೆ ಮಾತ್ರ ಮುಂದಿನದು:

ಚೆಕ್‌ಡಿಸ್ಕ್ ಡಿ: /ಎಫ್

ಸಿ ಡ್ರೈವ್‌ಗೆ ಇದನ್ನು ಹಾಕಿದರೆ ಡ್ರೈವ್ ಬಳಕೆಯಲ್ಲಿದೆ, ಮುಂದಿನ ಬೂಟ್‌ನಲ್ಲಿ ಮಾಡಲೇ ಅಂತ ಕೇಳುತ್ತದೆ. ವೈ ಒತ್ತಿ ರೀಸ್ಟಾರ್ಟ್ ಮಾಡಿ.

/ಆರ್ ಅನ್ನುವುದು /ಎಫ್ ಮಾಡುವುದನ್ನೆಲ್ಲ ಮಾಡಿ, ಅದರ ಮೇಲೆ ಡ್ರೈವ್‌ನ ಪ್ರತಿ ಜಾಗವನ್ನೂ ಓದಿ ನೋಡುತ್ತದೆ. ದೊಡ್ಡ ಹಾರ್ಡ್‌ಡಿಸ್ಕ್‌ನಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಶೇಕಡಾ ಸಂಖ್ಯೆ ಒಂದೇ ಕಡೆ ನಿಂತ ಹಾಗೆ ಕಾಣುವುದೂ ಸಹಜ, ನಡುವೆ ಪವರ್ ಬಟನ್ ಒತ್ತಬೇಡಿ. ಕೆಟ್ಟ ಸೆಕ್ಟರ್, ಅಂದರೆ ಓದಲು ಬಾರದಂತೆ ಕೆಟ್ಟ ಡಿಸ್ಕಿನ ಜಾಗ, ಇರುವ ಅನುಮಾನ ಇಲ್ಲದಿದ್ದರೆ ಇದು ಬೇಕಿಲ್ಲ. ಕೆಟ್ಟ ಸೆಕ್ಟರ್ ನಿಜವಾಗಿಯೂ ಇದ್ದರೆ ಮೊದಲು ಬೇಕಾದದ್ದು ಡೇಟಾದ ನಕಲು, ಹೊಸ ಡಿಸ್ಕ್. ಅದಕ್ಕೇ /ಆರ್ ಅನ್ನು ಎಲ್ಲರಿಗೂ ಮೊದಲ ಮದ್ದಾಗಿ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಚೆಕ್‌ಡಿಸ್ಕ್ ಮುಗಿದ ತಕ್ಷಣ ‘ಎಕೋ %ಎರರ್‌ಲೆವೆಲ್%’ ಅಂತ ಹಾಕಿದರೆ ಒಂದು ಅಂಕೆ ಬರುತ್ತದೆ. 0 ಅಂದರೆ ತಪ್ಪಿಲ್ಲ. 1 ಅಂದರೆ ತಪ್ಪು ಸಿಕ್ಕಿತು, ಸರಿಯಾಯಿತು. 3 ಅಂದರೆ ಪರೀಕ್ಷೆ ಆಗಲಿಲ್ಲ ಅಥವಾ ತಪ್ಪು ಹಾಗೇ ಉಳಿದಿದೆ. ಸ್ಕ್ರಿಪ್ಟ್ ಬರೆಯುವವರು ಪರದೆಯ ಸಾಲುಗಳನ್ನು ಹುಡುಕುವ ಬದಲು ಈ ಅಂಕೆ ನೋಡುವುದು ಒಳ್ಳೆಯದು.

ಪವರ್‌ಶೆಲ್ ಇಷ್ಟಪಡುವವರಿಗೆ ಇದೇ ಕೆಲಸಕ್ಕೆ ರಿಪೇರ್-ವಾಲ್ಯೂಮ್ ಇದೆ. ಡ್ರೈವ್ ಅಕ್ಷರದ ಜೊತೆ -ಸ್ಕ್ಯಾನ್ ಅಥವಾ -ಸ್ಪಾಟ್‌ಫಿಕ್ಸ್ ಕೊಟ್ಟರೆ ಆಯಿತು.

ಹಂತ 5: ಬೂಟ್ ಪರೀಕ್ಷೆಯನ್ನು ನಿಭಾಯಿಸುವುದು

ಇದಕ್ಕೆ ಬೇರೆಯದೇ ಕಮಾಂಡ್ ಇದೆ. ಸಿ, ಎಚ್, ಕೆ ಆದ ಮೇಲೆ ಎನ್‌ಟಿಎಫ್‌ಎಸ್ ಸೇರಿಸಿ:

ಚೆಕ್‌ಎನ್‌ಟಿಎಫ್‌ಎಸ್ ಸಿ:

ಮುಂದಿನ ಬೂಟ್‌ನಲ್ಲಿ ಈ ಡ್ರೈವ್‌ನ ಪರೀಕ್ಷೆ ನಿಗದಿಯಾಗಿದೆಯೇ, ಡರ್ಟಿ ಆಗಿದೆಯೇ ಅಂತ ತಿಳಿಯುತ್ತದೆ. ನಿಗದಿಯಾದದ್ದನ್ನು ತಪ್ಪಿಸಬೇಕಾದರೆ:

ಚೆಕ್‌ಎನ್‌ಟಿಎಫ್‌ಎಸ್ /ಎಕ್ಸ್ ಸಿ:

ಇಲ್ಲಿ ಹಲವರು ಎಡವುವ ಒಂದು ವಿಷಯ ಇದೆ. /ಎಕ್ಸ್ ಒಂದರ ಮೇಲೊಂದು ಸೇರುವುದಿಲ್ಲ. ಮೊದಲು ಡಿಗೆ ಹಾಕಿ, ಆಮೇಲೆ ಇಗೆ ಬೇರೆಯಾಗಿ ಹಾಕಿದರೆ, ಕೊನೆಯದಷ್ಟೇ ಉಳಿದು ಡಿ ಮತ್ತೆ ಪರೀಕ್ಷೆಗೆ ಸೇರುತ್ತದೆ. ಎರಡನ್ನೂ ಹೊರಗಿಡಬೇಕಾದರೆ ಒಂದೇ ಸಾಲಿನಲ್ಲಿ ಬರೆಯಿರಿ:

ಚೆಕ್‌ಎನ್‌ಟಿಎಫ್‌ಎಸ್ /ಎಕ್ಸ್ ಡಿ: ಇ:

ಕೆಲಸ ಮುಗಿದ ಮೇಲೆ ಎಲ್ಲ ಡ್ರೈವ್‌ಗಳನ್ನೂ ಮೊದಲಿನ ಸ್ಥಿತಿಗೆ ತರಲು ‘ಚೆಕ್‌ಎನ್‌ಟಿಎಫ್‌ಎಸ್ /ಡಿ’ ಸಾಕು. ಇದನ್ನು ಮರೆತರೆ ಆ ಡ್ರೈವ್ ಡರ್ಟಿ ಆದರೂ ಬೂಟ್‌ನಲ್ಲಿ ಯಾರೂ ನೋಡುವುದಿಲ್ಲ. /ಎಕ್ಸ್ ಹಾಕಿದ ದಿನವೇ /ಡಿ ಯಾವಾಗ ಹಾಕಬೇಕು ಅಂತ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಿ.

ಬೇಕಂತಲೇ ಬೂಟ್ ಪರೀಕ್ಷೆ ನಿಗದಿ ಮಾಡಲು /ಸಿ ಇದೆ. ಡ್ರೈವ್ ಡರ್ಟಿ ಆಗಿದ್ದರೆ ಮಾತ್ರ ಆಗ ಚೆಕ್‌ಡಿಸ್ಕ್ ಓಡುತ್ತದೆ. ಎಣಿಕೆಯ ಸೆಕೆಂಡುಗಳನ್ನು ಬದಲಿಸಲು:

ಚೆಕ್‌ಎನ್‌ಟಿಎಫ್‌ಎಸ್ /ಟಿ:30

ಸಂಖ್ಯೆ ಇಲ್ಲದೆ ಬರೀ /ಟಿ ಹಾಕಿದರೆ ಈಗ ಎಷ್ಟಿದೆ ಅಂತ ತೋರಿಸುತ್ತದೆ. ಇದನ್ನು 0 ಮಾಡಬಹುದು, ಆದರೆ ಮಾಡಬೇಡಿ. ಪರೀಕ್ಷೆ ತಡೆಯುವ ಅವಕಾಶವೇ ಹೋಗುತ್ತದೆ, ತುರ್ತು ಕೆಲಸದ ದಿನ ಉದ್ದನೆಯ ಪರೀಕ್ಷೆ ಶುರುವಾದರೆ ಕಾಯುವುದೊಂದೇ ದಾರಿ.

ಪ್ರತಿ ಬೂಟ್‌ನಲ್ಲೂ ಅದೇ ಪರದೆ ಬರುತ್ತಿದ್ದರೆ

ಪರೀಕ್ಷೆ ಪೂರ್ತಿ ಮುಗಿಯದಿದ್ದರೆ ಡರ್ಟಿ ಬಿಟ್ ಹೋಗುವುದಿಲ್ಲ. ಪ್ರತಿ ಸಲ ಕೀ ಒತ್ತಿ ತಪ್ಪಿಸುತ್ತಿದ್ದರೆ ಅದು ಪ್ರತಿ ಸಲ ಬರುವುದು ಸಹಜ. ಒಮ್ಮೆ ಬಿಟ್ಟು, ಪೂರ್ತಿ ಮುಗಿಯಲು ಸಮಯ ಕೊಡಿ.

ಮುಗಿದ ಮೇಲೂ ಮಾರನೇ ದಿನ ಮತ್ತೆ ಬಂದರೆ ಹೊಸ ಹಾನಿ ಆಗುತ್ತಿದೆ ಅಂತ ಅರ್ಥ. ಕಾರಣ ಹುಡುಕಿ. ಹೊರಗಿನ ಡ್ರೈವ್ ಅನ್ನು ಇಜೆಕ್ಟ್ ಮಾಡದೆ ಎಳೆಯುತ್ತಿದ್ದೀರಾ? ಕಂಪ್ಯೂಟರ್ ಪದೇ ಪದೇ ನಡುವೆ ಆಫ್ ಆಗುತ್ತಿದೆಯಾ? ಸಿಸ್ಟಂ ಲಾಗ್‌ನಲ್ಲಿ ಆ 7 ಮತ್ತು 153 ಇವೆಯಾ? ಒಂದೇ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಕೂಡ ಇದ್ದರೆ ಫಾಸ್ಟ್ ಸ್ಟಾರ್ಟಪ್ ಕಡೆ ನೋಡಿ. ವಿಂಡೋಸ್ ಅರ್ಧ ನಿದ್ದೆಯಲ್ಲಿರುವಾಗ ಅದರ ಡ್ರೈವ್‌ನಲ್ಲಿ ಲಿನಕ್ಸ್ ಬರೆದರೆ ಇಬ್ಬರ ಲೆಕ್ಕವೂ ತಪ್ಪುತ್ತದೆ. ‘ಪವರ್‌ಸಿಎಫ್‌ಜಿ /ಎಚ್ ಆಫ್’ ಹಾಕಿದರೆ ಹೈಬರ್ನೇಶನ್ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ.

ವಿಂಡೋಸ್ ಬೂಟ್ ಆಗದೆ ರಿಕವರಿ ಪರದೆಯ ಕಮಾಂಡ್ ಪ್ರಾಂಪ್ಟ್‌ನಿಂದ ರಿಪೇರಿ ಮಾಡಬೇಕಾದರೆ ಡ್ರೈವ್ ಅಕ್ಷರಗಳನ್ನು ನಂಬಬೇಡಿ. ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು. ‘ಡಿಸ್ಕ್‌ಪಾರ್ಟ್’ (ಇಲ್ಲಿ ‘ಡಿಸ್ಕ್’ ಅಂದರೆ ಡಿ, ಐ, ಎಸ್, ಕೆ) ತೆರೆದು ‘ಲಿಸ್ಟ್ ವಾಲ್ಯೂಮ್’ ಹಾಕಿ, ಗಾತ್ರ ಮತ್ತು ಹೆಸರು ನೋಡಿ ಯಾವುದು ಯಾವುದು ಅಂತ ಗುರುತಿಸಿ. ‘ಎಕ್ಸಿಟ್’ ಕೊಟ್ಟು ಹೊರಗೆ ಬಂದ ಮೇಲೆ ಚೆಕ್‌ಡಿಸ್ಕ್. ಡಿಸ್ಕ್‌ಪಾರ್ಟ್ ಒಳಗೆ ‘ಕ್ಲೀನ್’ ಅನ್ನುವ ಕಮಾಂಡ್ ಇದೆ. ಹೆಸರು ಒಳ್ಳೆಯದೆನಿಸಿದರೂ ಅದು ಡಿಸ್ಕಿನ ಪಾರ್ಟಿಶನ್‌ಗಳನ್ನೇ ಅಳಿಸುತ್ತದೆ.

ರಿಪೇರಿ ಆದ ಮೇಲೆ

ಬೂಟ್ ಪರೀಕ್ಷೆಯ ವರದಿ ಪರದೆಯಿಂದ ಮಾಯವಾದರೂ ಉಳಿದಿರುತ್ತದೆ. ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ ವಿನ್‌ಇನಿಟ್ ಮೂಲದ 1001 ಸಂಖ್ಯೆಯ ಈವೆಂಟ್ ಹುಡುಕಿ. 1001 ಅನ್ನುವ ಸಂಖ್ಯೆಯನ್ನು ಬೇರೆ ಪ್ರೋಗ್ರಾಂಗಳ ಕ್ರ್ಯಾಶ್ ವರದಿಗೂ ಬಳಸುತ್ತಾರೆ, ಹಾಗಾಗಿ ಮೂಲದ ಹೆಸರಿನಿಂದ ಫಿಲ್ಟರ್ ಮಾಡಿ. ಓಡುತ್ತಿರುವಾಗ ಮಾಡಿದ ಸ್ಕ್ಯಾನ್‌ನ ವರದಿ ಅದೇ ಲಾಗ್‌ನಲ್ಲಿ ಚೆಕ್‌ಡಿಸ್ಕ್ ಮೂಲದ 26226 ಆಗಿ ಸಿಗುತ್ತದೆ. ಅದರಲ್ಲಿ ಕೆಟ್ಟ ಸೆಕ್ಟರ್‌ಗಳ ಸಾಲು ಇದ್ದರೆ ಅದನ್ನು ಬರೆದಿಟ್ಟುಕೊಳ್ಳಿ. 0 ಇದ್ದರೆ ನೆಮ್ಮದಿ. ಒಂದು ಸಲಕ್ಕಿಂತ ಇನ್ನೊಂದು ಸಲ ಆ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಸಮಯ ಬಂದಿದೆ.

ದಾಖಲೆ ಕಳೆದುಕೊಂಡ ತುಣುಕುಗಳನ್ನು ಚೆಕ್‌ಡಿಸ್ಕ್ ಎಸೆಯದೆ ಅದೇ ಡ್ರೈವ್‌ನ ಮೊದಲ ಹಂತದಲ್ಲಿ ‘ಫೌಂಡ್.000’ ಅನ್ನುವ ಅಡಗಿಸಿದ ಫೋಲ್ಡರ್‌ಗೆ ಹಾಕಿರಬಹುದು. ‘ಡಿಐಆರ್ /ಎ ಡಿ:\’ ಅಂತ ಹಾಕಿದರೆ ಕಾಣುತ್ತದೆ. ಒಳಗಿನ ಫೈಲ್‌ಗಳಿಗೆ ಮೂಲ ಹೆಸರು ಇರದೆ ಬರೀ ಅಂಕೆ ಇರಬಹುದು. ನಿಮ್ಮ ಕಳೆದುಹೋದ ಫೋಟೋ ಅದರಲ್ಲಿ ಇದೆ ಅನ್ನಿಸಿದರೆ ಒಂದು ಪ್ರತಿ ತೆಗೆದು, ಹೆಸರಿನ ಕೊನೆಯನ್ನು ಜೆಪಿಜಿ ಮಾಡಿ ತೆರೆದು ನೋಡಿ. ಎಲ್ಲವೂ ತೆರೆಯುವುದಿಲ್ಲ, ಕೆಲವು ತೆರೆಯುತ್ತವೆ. ನೋಡಿ ಮುಗಿಸುವ ತನಕ ಆ ಫೋಲ್ಡರ್ ಅಳಿಸಬೇಡಿ.

ರಿಪೇರಿಯಾದದ್ದು ಸಿ ಡ್ರೈವ್ ಆದರೆ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಓಡಿಸಿ. ವಿಂಡೋಸ್‌ನ ಸ್ವಂತ ಫೈಲ್‌ಗಳ ಒಳಗಿನ ವಿಷಯ ಸರಿಯಿದೆಯೇ ಅಂತ ನೋಡಿ, ಕೆಟ್ಟದ್ದನ್ನು ಅದು ಬದಲಿಸುತ್ತದೆ. ನಿಮ್ಮ ಸ್ವಂತ ಫೈಲ್‌ಗಳಿಗೆ ಅಂಥ ಕಮಾಂಡ್ ಇಲ್ಲ. ವರದಿಯಲ್ಲಿ ಹೆಸರು ಬಂದ ಫೋಲ್ಡರ್‌ಗಳ ಫೈಲ್‌ಗಳನ್ನು ಒಂದೊಂದಾಗಿ ತೆರೆದು, ಅನುಮಾನ ಬಂದದ್ದನ್ನು ಬ್ಯಾಕಪ್‌ನಿಂದ ವಾಪಸ್ ತನ್ನಿ. ಈ ಕೆಲಸ ಮುಗಿಯುವ ತನಕ ಹಳೆಯ ಬ್ಯಾಕಪ್ ಮೇಲೆ ಹೊಸ ಬ್ಯಾಕಪ್ ಬರೆಯಬೇಡಿ.